ಅರವತ್ತೊಂದು ಸೊಂಟ ನೋವು

ಸೋಮವಾರ ಬೆಳಗಿನ ಪಾಳಿಗೆ ಇನ್ನೂ ಹತ್ತು ನಿಮಿಷ ಇತ್ತು. ಟೈಲ್ಸ್ ಕಾರ್ಖಾನೆಯ ಗೋದಾಮಿನಲ್ಲಿ ನೋಟೀಸು ಬೋರ್ಡಿನ ಮುಂದೆ ಆರೇಳು ಮಂದಿ ನಿಂತಿದ್ದರು. ಡ್ರೈವರಮ್ಮ ಬಂದದ್ದನ್ನು ಕಂಡು ಅವರು ದಾರಿ ಬಿಟ್ಟರು. ಹಾಗೆ ದಾರಿ ಬಿಟ್ಟದ್ದರಿಂದಲೇ, ಹಾಳೆಯಲ್ಲಿರುವುದು ತನ್ನ ವಿಷಯ ಎಂದು ಅವಳಿಗೆ ಓದುವ ಮೊದಲೇ ಗೊತ್ತಾಯಿತು.

ಹಾಳೆಯಲ್ಲಿದ್ದದ್ದು ಇಷ್ಟು: ಕಳೆದ ಹನ್ನೆರಡು ತಿಂಗಳಲ್ಲಿ ಸೊಂಟ ನೋವಿಗೆ ರಜೆ ಪಡೆದವರು ಇನ್ನು ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ನಡೆಸುವಂತಿಲ್ಲ. ಮುಂದಿನ ತಿಂಗಳಿಂದ ಲೋಡಿಂಗ್ ವಿಭಾಗಕ್ಕೂ ಇಂಥದೇ ನಿಯಮ ಬರಲಿದೆ. ಸದ್ಯ ನಾಲ್ವರು ಚಾಲಕರಲ್ಲಿ ಅಂಥ ರಜೆ ಪಡೆದವರು ಒಬ್ಬರೇ ಇದ್ದು, ಅವರನ್ನು ಇಂದಿನಿಂದ ಲೇಬಲ್ ಮೇಜಿಗೆ ಹಾಕಲಾಗಿದೆ. ಹದಿನೈದು ದಿನದೊಳಗೆ ಕಂಪನಿಯ ಬೆನ್ನುಮೂಳೆ ತಜ್ಞರಿಂದ ಪ್ರಮಾಣಪತ್ರ ತಂದರೆ ಗಾಡಿ ಮರಳಿ ಸಿಗುತ್ತದೆ. ತರದಿದ್ದರೆ ಈ ಬದಲಾವಣೆ ಕಾಯಂ.

“ನಿಂಗೆ ಸೊಂಟ ನೋವಾ?” ಎಂದ ಲೋಡಿಂಗಿನವನೊಬ್ಬ. “ಮೊನ್ನೆ ತಾನೆ ತಗಡಿನ ಚಾವಣಿ ಮೇಲೆ ಹತ್ತಿ ಪಾರಿವಾಳ ಓಡಿಸ್ತಿದ್ದೆ?”

“ನಿಂಗೂ ಹೋದ ವರ್ಷ ಸೊಂಟ ನೋವೇ ಅಲ್ವೇನೋ? ಕಣ್ಣೆಲ್ಲಾ ಹಳದಿ ಆಗಿತ್ತಲ್ಲ, ಆವಾಗ.”

ಅವನು ನಕ್ಕ. ಉಳಿದವರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಆ ಗೋದಾಮಿನಲ್ಲಿ ಏಳು ವರ್ಷ ಲೇಬಲ್ ಅಂಟಿಸಿ, ಎರಡು ಸಲ ಪರೀಕ್ಷೆಗೆ ಕೂತು, ಮೂರು ವರ್ಷದ ಹಿಂದೆ ಅವಳು ಗಾಡಿ ಹತ್ತಿದ್ದಳು. ಲಾರಿಯ ಹಿಂಬದಿಗೂ ಪೆಟ್ಟಿಗೆಯ ಅಟ್ಟಿಗೂ ನಡುವೆ ನಾಲ್ಕೇ ಬೆರಳು ಸಂದಿ ಉಳಿದಾಗಲೂ ಒಂದು ಟನ್ ಟೈಲ್ಸನ್ನು ಒಂದೂ ಮೂಲೆ ಮುರಿಯದಂತೆ ಇಳಿಸಬಲ್ಲವರು ಅಲ್ಲಿ ಇಬ್ಬರೇ, ಅವರಲ್ಲಿ ಅವಳು ಒಬ್ಬಳು.

ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದೂ ಯಾವ ಕಾಗದದಲ್ಲೂ ಇಲ್ಲದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು.

ಗೇಟಿನಿಂದ ರಸ್ತೆ ದಾಟಿದರೆ ಎರಡು ಕೋಣೆಯ ಒಂದು ಕ್ಲಿನಿಕ್ಕು ಸಿಗುತ್ತದೆ. ಡಾಕ್ಟರು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಮೂರು ದಿನಕ್ಕಿಂತ ಹೆಚ್ಚು ರಜೆ ಹಾಕಿದರೆ ಕಾರ್ಖಾನೆಗೆ ವೈದ್ಯರ ಚೀಟಿ ಕೊಡಬೇಕು. ಅದಕ್ಕೆ ಕಾರ್ಖಾನೆಯೇ ಅಚ್ಚು ಹಾಕಿಸಿದ ನಮೂನೆ ಇದೆ. ನಮೂನೆಯ ನಾಲ್ಕನೆಯ ಸಾಲು ‘ಕಾಯಿಲೆಯ ಹೆಸರು’. ಆ ಸಾಲು ಖಾಲಿ ಇದ್ದರೆ ಚೀಟಿ ವಾಪಸು ಬರುತ್ತದೆ.

ಆರು ವರ್ಷದ ಹಿಂದೆ, ಟೈಲ್ಸ್ ಸುಡುವ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬನಿಗೆ ಡಾಕ್ಟರು ನಾಲ್ಕನೆಯ ಸಾಲಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಆಫೀಸು ಸೇರಿತು. ಮಧ್ಯಾಹ್ನ ಊಟದ ಬೆಂಚಿನಲ್ಲಿ ಅವನೊಬ್ಬನೇ ಕೂತಿದ್ದ. ತಿಂಗಳೊಳಗೆ ಅವನು ಕೆಲಸ ಬಿಟ್ಟ. ಹೋಗುವ ಮುನ್ನ ಕ್ಲಿನಿಕ್ಕಿಗೆ ಬಂದು, “ನಿಮ್ಮ ಔಷಧಿಯಿಂದ ಕಾಯಿಲೆ ಹೋಯ್ತು ಡಾಕ್ಟ್ರೇ, ನಿಮ್ಮ ಚೀಟಿಯಿಂದ ಕೆಲಸ ಹೋಯ್ತು,” ಎಂದು ಹೇಳಿ ಹೋದ.

ಅದಾದ ಮೇಲೆ ಡಾಕ್ಟರು ಮೂರು ಸಲ ಸಾಲು ಖಾಲಿ ಬಿಟ್ಟು ನೋಡಿದರು. ಮೂರೂ ಸಲ ಚೀಟಿ ವಾಪಸು ಬಂತು. ನಾಲ್ಕನೆಯ ಸಲಕ್ಕೆ ಅವರು ಒಂದು ರಬ್ಬರ್ ಸ್ಟಾಂಪು ಮಾಡಿಸಿದರು: ‘ತೀವ್ರ ಸೊಂಟ ನೋವು. ವಿಶ್ರಾಂತಿ ಅಗತ್ಯ.’ ಸೊಂಟ ನೋವು ಅಂಟುವುದಿಲ್ಲ, ಅದಕ್ಕೆ ಯಾರೂ ಹೆದರುವುದಿಲ್ಲ, ಅದು ಇಲ್ಲದ ಮನೆಯಿಲ್ಲ. ಅಂದಿನಿಂದ ಕೈಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಬಿಟ್ಟರೆ ಉಳಿದ ಎಲ್ಲರಿಗೂ, ಜ್ವರವಿರಲಿ ಕಾಮಾಲೆಯಿರಲಿ ಮನಸ್ಸಿನ ಬೇನೆಯಿರಲಿ, ಕಾಗದದ ಮೇಲೆ ಸೊಂಟ ನೋವು. ಕ್ಲಿನಿಕ್ಕಿನ ಕಾಂಪೌಂಡರ್ ಬಿಡುವಿದ್ದಾಗ ಇಪ್ಪತ್ತು ಮೂವತ್ತು ನಮೂನೆಗಳಿಗೆ ಮೊದಲೇ ಸೀಲು ಒತ್ತಿಟ್ಟಿರುತ್ತಿದ್ದರು. ಹೆಸರು, ತಾರೀಖು, ಸಹಿ ಆಮೇಲೆ ಸೇರುತ್ತಿದ್ದವು. ಕಾರ್ಖಾನೆಯಲ್ಲಿ ಯಾರಾದರೂ ಕೆಮ್ಮಿದರೆ, “ಹೋಗಿ ಸೊಂಟಕ್ಕೆ ಸೀಲು ಹಾಕಿಸ್ಕೊಂಡು ಬಾ,” ಎನ್ನುವುದು ರೂಢಿಯ ಮಾತಾಗಿತ್ತು.

ಐದು ತಿಂಗಳ ಹಿಂದೆ ಡ್ರೈವರಮ್ಮ ಎಂಟು ದಿನ ರಜೆ ಹಾಕಿದ್ದಳು. ಆ ಎಂಟು ದಿನ ಅವಳಿಗೆ ಏನಾಗಿತ್ತು ಎಂಬುದು ಅವಳಿಗೆ, ಅವಳ ಗಂಡನಿಗೆ, ಡಾಕ್ಟರಿಗೆ ಮತ್ತು ಕಾಂಪೌಂಡರಿಗೆ ಗೊತ್ತು. ಅದು ಸೊಂಟ ನೋವಲ್ಲ. ಅಂಟುವಂಥದ್ದಲ್ಲ. ಗಾಡಿ ನಡೆಸಲು ಅಡ್ಡಿಯಾಗುವಂಥದ್ದೂ ಅಲ್ಲ. ಈಗ ಪೂರ್ತಿ ವಾಸಿಯಾಗಿದೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವ ಅಗತ್ಯವಿಲ್ಲ. ಲೋಡಿಂಗ್ ಮೇಸ್ತ್ರಿ ಅವಳ ಗಂಡನ ಅಣ್ಣ. ಗೋದಾಮಿನಲ್ಲಿ ಬೆಳಿಗ್ಗೆ ಆಡಿದ ಮಾತು ಸಂಜೆಗೆ ಅತ್ತೆಯ ಕಿವಿಯಲ್ಲಿರುತ್ತಿತ್ತು. ಅತ್ತೆಯ ಕಿವಿಗೆ ಬಿದ್ದ ಮೇಲೆ ಅದು ಅವಳ ವಿಷಯವಾಗಿ ಉಳಿಯುತ್ತಿರಲಿಲ್ಲ, ಇಡೀ ಮನೆತನ ಸೇರಿ ತೀರ್ಮಾನಿಸುವ ವಿಷಯವಾಗುತ್ತಿತ್ತು.

ಆ ಸೋಮವಾರ ಎಂಟು ಗಂಟೆಗೆ ಆಫೀಸು ತೆರೆದದ್ದೇ ಅವಳು, ಕೆಲಸಗಾರರ ವಿಷಯ ನೋಡಿಕೊಳ್ಳುವ ಪರ್ಸನೆಲ್ ಆಫೀಸರ ಕೋಣೆಗೆ ಹೋದಳು. ಅವರು ಬಂದು ಏಳು ತಿಂಗಳಾಗಿತ್ತು. ಏನು ಹೇಳಿದರೂ ಮೊದಲು ಒಂದು ಪಟ್ಟಿ ಮಾಡುತ್ತಿದ್ದುದರಿಂದ ಪಟ್ಟಿ ಮೇಡಂ ಎಂದು ಹೆಸರು ಬಿದ್ದಿತ್ತು. ಈಗ ಅವರ ಗೋಡೆಯ ಮೇಲೆ ಮನುಷ್ಯನ ದೇಹದ ದೊಡ್ಡ ಚಿತ್ರವಿತ್ತು. ಕೈಕಾಲುಗಳ ಮೇಲೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ಸೊಂಟದ ಸುತ್ತ ಮಾತ್ರ ಕೆಂಪು ಚುಕ್ಕೆಗಳು ಒಂದರ ಮೇಲೊಂದು ಬಿದ್ದು, ಚಿತ್ರದ ಮನುಷ್ಯ ಕೆಂಪು ಚಡ್ಡಿ ಹಾಕಿಕೊಂಡವನಂತೆ ಕಾಣುತ್ತಿದ್ದ.

“ಬನ್ನಿ ಬನ್ನಿ. ನಿಧಾನಕ್ಕೆ ಕೂತ್ಕೊಳ್ಳಿ, ಒಂದೇ ಸಲ ಬಗ್ಗಬೇಡಿ.”

“ನಂಗೆ ಸೊಂಟ ನೋವಿಲ್ಲ ಮೇಡಂ.”

“ಎಲ್ರೂ ಹಾಗೇ ಹೇಳ್ತಾರೆ. ಕೆಲಸ ಹೋಗುತ್ತೇನೋ ಅಂತ ಭಯ. ನಿಮ್ಮ ಕೆಲಸ ಎಲ್ಲೂ ಹೋಗಲ್ಲ.”

“ಹೋಗಿದೆಯಲ್ಲ. ಗಾಡಿ ಬಿಡಿಸಿ ಲೇಬಲ್ ಮೇಜಿಗೆ ಹಾಕಿದ್ದೀರಿ.”

“ಅದು ನಿಮ್ಮ ಒಳ್ಳೇದಕ್ಕೆ.” ಅವರು ಎದ್ದು ಚಿತ್ರದ ಪಕ್ಕ ನಿಂತರು. “ನೋಡಿ. ಒಂದು ವರ್ಷದಲ್ಲಿ ಎಪ್ಪತ್ನಾಲ್ಕು ಚೀಟಿ ಬಂದಿವೆ. ಅದರಲ್ಲಿ ಅರವತ್ತೊಂದು ಸೊಂಟ ನೋವು. ಶೇಕಡಾ ಎಂಬತ್ತೆರಡು! ಟೆಲಿಫೋನ್ ತೆಗೆಯೋ ಹುಡುಗಿಗೂ ಸೊಂಟ ನೋವು, ತೋಟಕ್ಕೆ ನೀರು ಹಾಕೋನಿಗೂ ಸೊಂಟ ನೋವು. ಇಷ್ಟು ವರ್ಷ ಇಲ್ಲಿ ಒಬ್ಬರಾದ್ರೂ ಯಾಕೆ ಅಂತ ಕೇಳಿದ್ದಾರಾ? ಹೇಳಿ.”

ಅವರ ದನಿಯಲ್ಲಿದ್ದದ್ದು ನಿಜವಾದ ಕಳಕಳಿ. ಡ್ರೈವರಮ್ಮನಿಗೆ ಕಷ್ಟವಾದದ್ದು ಅದೇ. ಕೇಡು ಬಯಸುವವರ ಮೇಲೆ ಕೂಗಾಡಬಹುದು. ಇವರು ಹೆಡ್ ಆಫೀಸಿನ ಜೊತೆ ಗುದ್ದಾಡಿ ಎಲ್ಲರಿಗೂ ಹೊಸ ಕುರ್ಚಿ ತರಿಸಿದ್ದರು, ದಿನಕ್ಕೆ ಎರಡು ಸಲ ಬೆನ್ನಿನ ವ್ಯಾಯಾಮ ಶುರು ಮಾಡಿಸಿದ್ದರು, ಪ್ರತಿಯೊಬ್ಬರಿಗೂ ಅಂಗೈ ಅಗಲದ ಸೊಂಟದ ಬೆಲ್ಟು ಹಂಚಿದ್ದರು. ಭಟ್ಟಿಯವರು ಆ ಸೆಕೆಯಲ್ಲಿ ಬೆಲ್ಟು ಬಿಗಿದುಕೊಂಡು ಅವರ ವಂಶವನ್ನೇ ಜಾಲಾಡುತ್ತಿದ್ದರು.

“ನಮ್ಮ ಡಾಕ್ಟ್ರ ಹತ್ರ ಪೂರ್ತಿ ವಾಸಿ ಅಂತ ಬರೆಸ್ಕೊಂಡು ಬರ್ತೀನಿ.”

“ಅವರೇ ‘ತೀವ್ರ’ ಅಂತ ಬರೆದವರು. ಎಂಟೇ ದಿನಕ್ಕೆ ‘ಏನಿಲ್ಲ’ ಅಂದ್ರೆ ನಾನು ಹೇಗೆ ನಂಬಲಿ? ತಜ್ಞರ ಹತ್ರ ಹೋಗಿ. ಒಂದು ಎಕ್ಸ್‌ರೇ, ಅಷ್ಟೇ.”

ಅಷ್ಟೇ ಆಗಲಿಲ್ಲ. ತಜ್ಞರ ಸಮಯ ಸಿಗಲು ಆರು ದಿನ ಬೇಕಾಯಿತು. ಆ ಆರು ದಿನ ಅವಳು ಪೆಟ್ಟಿಗೆಗಳಿಗೆ ಲೇಬಲ್ ಅಂಟಿಸಿದಳು. ಅವಳ ಗಾಡಿಯನ್ನು ಬೇರೆ ಪಾಳಿಯಿಂದ ಬಂದ ಒಬ್ಬ ನಡೆಸುತ್ತಿದ್ದ. ಹಿಂದಕ್ಕೆ ಬರುವಾಗಲೆಲ್ಲ ಅವನು ಕಂಬಕ್ಕೆ ತಾಗಿಸುತ್ತಿದ್ದ. ಆ ಸದ್ದು ಕೇಳಿದಾಗಲೆಲ್ಲ ಅವಳ ಕೈಯ ಲೇಬಲ್ ಸೊಟ್ಟಗಾಗುತ್ತಿತ್ತು.

ಏಳನೆಯ ದಿನ ತಜ್ಞರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಅವಳನ್ನು ಬಗ್ಗಿಸಿದರು, ಮಲಗಿಸಿ ಕಾಲೆತ್ತಿಸಿದರು, ಬೆನ್ನಿನ ಉದ್ದಕ್ಕೂ ಬೆರಳೊತ್ತಿದರು.

“ಇಲ್ಲಿ ನೋವಿದೆಯಾ?”

“ಇಲ್ಲ.”

“ಇಲ್ಲಿ?”

“ಎಲ್ಲೂ ಇಲ್ಲ ಸಾರ್.”

“ಎಕ್ಸ್‌ರೇ ಚೆನ್ನಾಗಿದೆ,” ಎಂದರು ತಜ್ಞರು. ಅವಳು ಉಸಿರು ಬಿಟ್ಟಳು. “ಆದ್ರೆ ಎಕ್ಸ್‌ರೇ ಚೆನ್ನಾಗಿದೆ ಅಂದ ಮಾತ್ರಕ್ಕೆ ಬೆನ್ನು ಚೆನ್ನಾಗಿದೆ ಅಂತಲ್ಲ. ಐದು ತಿಂಗಳ ಹಿಂದೆ ತೀವ್ರ ನೋವು ಅಂತ ಬರೆದಿದ್ದಾರೆ. ಎಂಟು ದಿನದಲ್ಲಿ ಹೋಗಿದೆ. ಏನು ಔಷಧಿ ಕೊಟ್ರು?”

“ಮಾತ್ರೆ.”

“ಯಾವ ಮಾತ್ರೆ? ಆ ಪ್ರಿಸ್ಕ್ರಿಪ್ಷನ್ ತನ್ನಿ, ನೋಡ್ತೀನಿ. ಅದು ನೋಡ್ದೆ ನಾನು ಸಹಿ ಹಾಕೋಕಾಗಲ್ಲ. ನಾಳೆ ನೀವು ಗಾಡಿ ಮೇಲೆ ಬೆನ್ನು ಹಿಡ್ಕೊಂಡ್ರೆ ನನ್ನ ಕುತ್ತಿಗೆಗೆ ಬರುತ್ತೆ.”

ಪ್ರಿಸ್ಕ್ರಿಪ್ಷನ್ ಅವಳ ಮನೆಯಲ್ಲಿ, ಬಟ್ಟೆಯ ಕಪಾಟಿನ ತಳದಲ್ಲಿತ್ತು. ಅದರಲ್ಲಿದ್ದ ಎರಡು ಔಷಧಿಗಳ ಹೆಸರು ಓದಿದರೆ ಯಾವ ಡಾಕ್ಟರಿಗಾದರೂ ಅರ್ಧ ನಿಮಿಷದಲ್ಲಿ ವಿಷಯ ಗೊತ್ತಾಗುತ್ತಿತ್ತು.

“ಸಾರ್, ಒಂದು ಮಾತು. ನಾನು ನಿಮಗೊಂದು ವಿಷಯ ಹೇಳಿದ್ರೆ, ಅದು ನಿಮ್ಮ ಹತ್ರಾನೇ ಇರುತ್ತಾ?”

ತಜ್ಞರು ಪೆನ್ನು ಕೆಳಗಿಟ್ಟರು. ಅವರು ಸುಳ್ಳು ಹೇಳುವವರಲ್ಲ. “ನಿಮ್ಮನ್ನು ಕಳಿಸಿರೋದು ಕಂಪನಿ. ನಾನು ಬರೆಯೋ ವರದಿ ಹೋಗೋದು ಕಂಪನಿಗೆ. ಸೊಂಟ ನೋವು ಅಲ್ಲ ಅಂತ ಬರೆದ್ರೆ ಮತ್ತೇನು ಅಂತ ಕೇಳೋ ಕಾಲಂ ಅದರಲ್ಲೇ ಇದೆ. ಅದಕ್ಕೇ ಹೇಳ್ತೀನಿ, ಕಂಪನಿಗೆ ಹೇಳಬಾರದ್ದನ್ನ ನನಗೂ ಹೇಳಬೇಡಿ.”

ಆ ಕೋಣೆಯಲ್ಲಿ ಅವಳಿಗೆ ಸಿಕ್ಕ ಉಪಕಾರ ಅದೊಂದೇ. ಅವಳು ಎಕ್ಸ್‌ರೇ ಲಕೋಟೆ ಎತ್ತಿಕೊಂಡು ನೆಟ್ಟಗೆ ಕ್ಲಿನಿಕ್ಕಿಗೆ ಬಂದಳು. ಸಂಜೆಯ ಹೊತ್ತು. ಬೆಂಚಿನಲ್ಲಿದ್ದ ನಾಲ್ವರಲ್ಲಿ ಮೂವರು ಕಾರ್ಖಾನೆಯವರು. ಅವಳನ್ನು ಕಂಡು ಮೂವರೂ ಒಂದೇ ಸಲ ಚಾವಣಿ ನೋಡತೊಡಗಿದರು. ಅವರು ಒಳಗೆ ಹೋಗಿ ಬರುವವರೆಗೂ ಕಾದು, ಕೊನೆಗೆ ಅವಳು ಒಳಗೆ ಹೋಗಿ ಬಾಗಿಲು ಹಾಕಿದಳು. ಡಾಕ್ಟರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದು ಒರೆಸಿದರು. ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

“ಅದಕ್ಕೇನಂತೆ,” ಎಂದರು ಔಷಧಿ ಕಿಟಕಿಯ ಆಚೆಯಿಂದ ಕಾಂಪೌಂಡರ್. ಅವರಿಗೆ ಎಲ್ಲ ಕೇಳಿಸುತ್ತಿತ್ತು. “ನೋವಿನ ಮಾತ್ರೆ, ಒಂದು ಮುಲಾಮು ಅಂತ ಹಳೇ ತಾರೀಖಿಗೆ ಬರೆದುಕೊಟ್ರಾಯ್ತು ಸಾರ್. ಮುಗೀತಲ್ಲ.”

ಡಾಕ್ಟರ ಕೈ ಬರೆಯುವ ಪುಸ್ತಕದ ಕಡೆ ಹೋದದ್ದನ್ನು ಅವಳು ಕಂಡಳು.

“ಮುಗಿಯಲ್ಲ,” ಎಂದಳು. “ಅದನ್ನ ತೋರಿಸಿದ್ರೆ ಮಾತ್ರೆ ಕೊಂಡ ಬಿಲ್ಲು ಎಲ್ಲಿ ಅಂತಾರೆ. ಬಿಲ್ಲು ಹುಟ್ಟಿಸಿದ್ರೆ ಅಂಗಡಿಯೋನನ್ನ ಕರೀತಾರೆ. ಒಂದು ಸುಳ್ಳು ಸೊಂಟ ನೋವಿಗೆ ಇನ್ನೆಷ್ಟು ಕಾಗದ ಹೆರಿಸ್ತೀರಿ?”

“ನಾನು ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ ಆ ಸೀಲು...”

“ನನ್ನ ಒಳ್ಳೇದಕ್ಕೆ ಅಂತ ಆ ಮೇಡಮ್ಮೂ ಹೇಳ್ತಾರೆ, ನೀವೂ ಹೇಳ್ತೀರಿ. ನಿಮ್ಮಿಬ್ಬರ ಒಳ್ಳೇತನದ ಮಧ್ಯೆ ನಾನು ಲೇಬಲ್ ಅಂಟಿಸ್ತಾ ಕೂತಿದ್ದೀನಿ!”

ಡಾಕ್ಟರು ಬರೆಯುವ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. ಕಾಂಪೌಂಡರ್ ಕಿಟಕಿಯಿಂದ ತಲೆ ಹಿಂದಕ್ಕೆಳೆದುಕೊಂಡರು.

“ಎಲ್ಲರಿಗೂ ಒಂದೇ ಕಾಯಿಲೆ ಕೊಟ್ರಲ್ಲ ಡಾಕ್ಟ್ರೇ,” ಎಂದಳು ಅವಳು, ಸ್ವಲ್ಪ ತಗ್ಗಿದ ದನಿಯಲ್ಲಿ. “ಒಬ್ಬೊಬ್ಬರಿಗೆ ಒಂದೊಂದು ಅಂತ ಹಂಚಬಾರದಿತ್ತಾ? ನಾಲ್ಕು ಜನಕ್ಕೆ ಹಲ್ಲು ನೋವು, ನಾಲ್ಕು ಜನಕ್ಕೆ ತಲೆ ನೋವು?”

“ಹಂಚಿದ್ರೆ ಯಾರಿಗೆ ಏನು ಬರೆದೆ ಅಂತ ನೆನಪಿಟ್ಕೋಬೇಕಲ್ಲಮ್ಮ. ಒಂದೇ ಆದ್ರೆ ಮರೆಯೋ ಹಾಗಿಲ್ಲ. ಸಂಖ್ಯೆ ಲೆಕ್ಕ ಹಾಕೋರು ಒಬ್ಬರು ಬರ್ತಾರೆ ಅಂತ ನಂಗೆ ಹೊಳೀಲಿಲ್ಲ.”

ಮಾರನೆಯ ದಿನ ಊಟದ ಬಿಡುವಿನಲ್ಲಿ ಭಾವ ಲೇಬಲ್ ಮೇಜಿನ ಹತ್ತಿರ ಬಂದು, ಅತ್ತ ಇತ್ತ ನೋಡಿ, ಒಂದು ಪೆಟ್ಟಿಗೆಯ ಮೇಲೆ ಕೂತರು. ಸೊಂಟದ ಬೆಲ್ಟು ಹೊಟ್ಟೆಯ ಮೇಲಕ್ಕೆ ಏರಿತ್ತು.

“ಏನಮ್ಮಾ, ಡಾಕ್ಟ್ರ ಹತ್ರ ಜಗಳ ಆಡಿದ್ಯಂತೆ?”

“ಯಾರಂದ್ರು ಭಾವ?”

“ಬಾಗಿಲು ಹಾಕಿದ್ರೂ ಕೇಳಿಸ್ತಿತ್ತಂತೆ. ನೋಡು, ಏನಾದ್ರೂ ಮಾಡು, ಆದ್ರೆ ಸೊಂಟ ನೋವು ಸುಳ್ಳು ಅಂತ ಮಾತ್ರ ಬಾಯಿ ಬಿಡಬೇಡ. ನಿನ್ನ ಚೀಟಿ ಸುಳ್ಳಾದ್ರೆ ಎಲ್ಲರದ್ದೂ ಸುಳ್ಳೇ. ಸುಳ್ಳು ಚೀಟಿಗೆ ಏನು ಶಿಕ್ಷೆ ಗೊತ್ತಲ್ಲ? ಸಸ್ಪೆಂಡು. ನನ್ನವೇ ಎರಡಿವೆ ಅಲ್ಲಿ.”

“ಮುಂದಿನ ತಿಂಗಳು ನಿಮ್ಮನ್ನೂ ಲೋಡಿಂಗಿಂದ ತೆಗೀತಾರಲ್ಲ, ಆವಾಗ?”

“ಇಡೀ ಲೋಡಿಂಗನ್ನೇ ತೆಗೆದ್ರೆ ಲಾರಿ ತುಂಬೋರು ಯಾರು? ಅಲ್ಲಿಗೆ ತಾನಾಗೇ ನಿಲ್ಲುತ್ತೆ. ನೀನೊಬ್ಬಳು ಸ್ವಲ್ಪ ದಿನ ತಡ್ಕೋ.”

“ನನಗೆ ಉಳಿದಿರೋದು ಒಂದು ವಾರ ಭಾವ. ಆಮೇಲೆ ಕಾಯಂ.”

ಭಾವ ಬೆಲ್ಟನ್ನು ಕೆಳಕ್ಕೆಳೆದುಕೊಂಡು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿದರು. “ಅದ್ಸರಿ, ನಿಜವಾಗ್ಲೂ ಏನಾಗಿತ್ತು ಆವಾಗ? ಅಮ್ಮನೂ ಕೇಳ್ತಿದ್ರು.”

“ಸೊಂಟ ನೋವು ಭಾವ.”

ಅವಳು ಇನ್ನೂ ಐದು ದಿನ ತಡೆದಳು. ಆ ಐದು ದಿನದಲ್ಲಿ ಹೊಸ ಚಾಲಕ ಎರಡು ಅಟ್ಟಿ ಟೈಲ್ಸ್ ಬೀಳಿಸಿದ, ಲೇಬಲ್ ಮೇಜಿನ ಹೆಂಗಸರು ಅವಳ ಬೆನ್ನಿಗೆ ತಮ್ಮ ತಮ್ಮ ಮನೆಯ ಎಣ್ಣೆ ತಂದುಕೊಟ್ಟರು, ದಿನಕ್ಕೆರಡು ಸಲ ಧ್ವನಿವರ್ಧಕದಲ್ಲಿ ‘ಈಗ ನಿಧಾನವಾಗಿ ಎಡಕ್ಕೆ ಬಾಗಿ’ ಎಂಬ ದನಿ ಬಂತು. ಹದಿಮೂರನೆಯ ದಿನ ಬೆಳಿಗ್ಗೆ, ಎಡಕ್ಕೆ ಬಾಗುವ ಹೊತ್ತಿನಲ್ಲಿ, ಅವಳು ಬಾಗದೆ ಗೇಟಿನಿಂದ ಹೊರಗೆ ಹೋಗಿ ರಸ್ತೆ ದಾಟಿದಳು.

“ಡಾಕ್ಟ್ರೇ, ಹನ್ನೊಂದು ಗಂಟೆಗೆ ನಾನು ಮೇಡಂ ಹತ್ರ ಹೋಗ್ತಿದ್ದೀನಿ. ನಂಗೆ ಸೊಂಟ ನೋವಿರಲಿಲ್ಲ ಅಂತ ಹೇಳ್ತೀನಿ. ಏನಿತ್ತು ಅಂತ ಹೇಳಲ್ಲ. ಸಸ್ಪೆಂಡ್ ಮಾಡಿದ್ರೆ ಮಾಡ್ಲಿ. ಉಳಿದೋರ ವಿಷಯ ನಂಗೊತ್ತಿಲ್ಲ ಅಂತೀನಿ. ಆದ್ರೆ ಮೇಡಂಗೂ ಕಣ್ಣಿದೆ, ಲೆಕ್ಕ ಹಾಕ್ತಾರೆ. ನಿಮ್ಮ ಹೆಸರು ಬರುತ್ತೆ. ಮೊದಲೇ ಹೇಳಿಬಿಡೋಣ ಅಂತ ಬಂದೆ.”

ಡಾಕ್ಟರು ಮೇಜಿನ ಮೇಲಿದ್ದ ಸ್ಟಾಂಪನ್ನು ಎತ್ತಿ ಮೂಲೆಗಿಟ್ಟರು. ಆಮೇಲೆ ಕಾಂಪೌಂಡರನ್ನು ಕರೆದು, ಬೆಂಚಿನಲ್ಲಿರುವವರಿಗೆ ಒಂದು ಗಂಟೆ ಬಿಟ್ಟು ಬರಲು ಹೇಳಿ ಎಂದರು. ಒಂದು ಹಾಳೆ ತೆಗೆದು ತಮ್ಮ ಕೈಯಾರೆ ಬರೆಯತೊಡಗಿದರು.

ಹನ್ನೊಂದಕ್ಕೆ ಪಟ್ಟಿ ಮೇಡಂ ಕೋಣೆಗೆ ಇಬ್ಬರೂ ಹೋದರು. ಡಾಕ್ಟರು ಕೂರಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ನಾಲ್ಕೇ ವಾಕ್ಯಗಳಿದ್ದವು. ಆರು ವರ್ಷದಿಂದ ನಾನು ಈ ಕಾರ್ಖಾನೆಯವರಿಗೆ ಸೀಲು ಒತ್ತಿ ಕೊಟ್ಟ ಚೀಟಿಗಳಲ್ಲಿ ಕಾಯಿಲೆಯ ಹೆಸರು ನಿಜವಲ್ಲ. ವಿಶ್ರಾಂತಿಯ ದಿನಗಳು ನಿಜ. ಒಬ್ಬರೂ ನನ್ನನ್ನು ಸುಳ್ಳು ಬರೆಯಿರಿ ಎಂದು ಕೇಳಿಲ್ಲ, ತಪ್ಪು ನನ್ನೊಬ್ಬನದು. ಯಾರಿಗೆ ಏನಾಗಿತ್ತು ಎಂಬುದನ್ನು ನಾನು ಹೇಳುವುದಿಲ್ಲ.

ಮೇಡಂ ಎರಡು ಸಲ ಓದಿದರು. ಆಮೇಲೆ ಗೋಡೆಯ ಚಿತ್ರದತ್ತ ತಿರುಗಿದರು.

“ಅರವತ್ತೊಂದರಲ್ಲಿ ಎಷ್ಟು?”

“ಪೂರ್ತಿ ಗೊತ್ತಿಲ್ಲ. ಒಬ್ಬಿಬ್ಬರಿಗೆ ನಿಜವಾಗ್ಲೂ ಇತ್ತು.”

“ಒಬ್ಬಿಬ್ಬರಿಗೆ!” ಅವರು ಕುರ್ಚಿಗೆ ಒರಗಿದರು. ಅದು ಬೆನ್ನಿಗೆ ಆಸರೆ ಕೊಡುವ ಹೊಸ ಕುರ್ಚಿ. “ನಾನು ವರದಿ ಕಳಿಸಿ ಎರಡು ತಿಂಗಳಾಯ್ತು. ಹೆಡ್ ಆಫೀಸಿನೋರು ಅದನ್ನ ಮೆಚ್ಚಿಕೊಂಡು ಇನ್ನೂ ಮೂರು ಕಾರ್ಖಾನೆಗೆ ಬೆಲ್ಟು ಕಳಿಸಿದ್ದಾರೆ. ಅಲ್ಲಿ ಯಾರಿಗೂ ಸೊಂಟ ನೋವೇ ಇರಲಿಲ್ಲ. ನಿಮಗೆ ಏನು ಹೇಳ್ಬೇಕು ನಾನು? ವಯಸ್ಸಿಗಾದ್ರೂ ಮರ್ಯಾದೆ ಕೊಡೋಣ ಅಂದ್ರೆ, ಆರು ವರ್ಷ! ರಬ್ಬರ್ ಸ್ಟಾಂಪು! ಕಾಯಿಲೆ ಹೆಸರು ಬರೆಯೋಕೆ ಇಷ್ಟವಿಲ್ಲ ಅಂದ್ರೆ ಖಾಲಿ ಬಿಡಬಹುದಿತ್ತಲ್ಲ?”

ಡಾಕ್ಟರು ಜೇಬಿನಿಂದ ಮೂರು ಹಳೆಯ ಚೀಟಿಗಳನ್ನು ತೆಗೆದು ಸಾಲಾಗಿ ಇಟ್ಟರು. ರೋಗಿಯ ಹೆಸರಿದ್ದ ಜಾಗಕ್ಕೆ ಬಿಳಿ ಪಟ್ಟಿ ಅಂಟಿಸಿದ್ದರು. ಮೂರರ ಮೇಲೂ ಕಾರ್ಖಾನೆಯ ಆಫೀಸಿನ ಕೆಂಪು ಶಾಯಿಯ ಬರಹವಿತ್ತು: ‘ನಾಲ್ಕನೆಯ ಸಾಲು ಖಾಲಿ. ಹಿಂದಿರುಗಿಸಿದೆ.’

“ಬಿಟ್ಟಿದ್ದೆ,” ಎಂದರು. “ಒಬ್ಬ ಮನುಷ್ಯ ಎಷ್ಟು ದಿನ ಕೆಲಸ ಮಾಡೋಕಾಗಲ್ಲ ಅನ್ನೋದು ನಿಮಗೆ ಬೇಕು. ಅದನ್ನ ಹೇಳೋದು ನನ್ನ ಕೆಲಸ. ಏನಾಗಿದೆ ಅನ್ನೋದು ನಿಮಗೆ ಯಾಕೆ ಮೇಡಂ? ನೀವೇನು ಔಷಧಿ ಕೊಡ್ತೀರಾ?”

“ನಮೂನೆ ನಾನು ಮಾಡಿದ್ದಲ್ಲ!”

“ನಾನೂ ಅಲ್ಲ.”

ಇಬ್ಬರೂ ಸಿಟ್ಟಿನಲ್ಲಿ ಒಬ್ಬರನ್ನೊಬ್ಬರು ನೋಡಿದರು. ಮೇಡಂ ಡ್ರೈವರಮ್ಮನ ಕಡೆ ತಿರುಗಿದರು. “ಹಾಗಾದ್ರೆ ಆ ಎಂಟು ದಿನ ನಿಮಗ್ಯಾಕೆ...” ಎಂದು ಶುರು ಮಾಡಿ, ತಾವೇ ನಿಲ್ಲಿಸಿದರು. ಕಿಟಕಿಯಾಚೆ ಧ್ವನಿವರ್ಧಕ ಎರಡು ಸಲ ಗರಗರ ಅಂದು ಸುಮ್ಮನಾಯಿತು.

“ಕ್ಷಮಿಸಿ,” ಎಂದರು ಮೇಡಂ. “ಬಾಯಿಗೆ ಬಂದುಬಿಡುತ್ತೆ.”

“ಎಲ್ರಿಗೂ ಬರುತ್ತೆ ಮೇಡಂ. ಹದಿಮೂರು ದಿನದಿಂದ ನೋಡ್ತಿದ್ದೀನಿ.”

ಮೇಡಂ ಡಾಕ್ಟರ ಹಾಳೆಯನ್ನು ಎತ್ತಿಕೊಂಡರು. ಆಫೀಸಿಗೆ ಬಂದ ಕಾಗದಗಳಿಗೆ ಒತ್ತುವ ತಾರೀಖಿನ ಮೊಹರು ಕೈಗೆಟುಕುವಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. “ಇದಕ್ಕೆ ಮೊಹರು ಬಿದ್ರೆ ನಾನು ಇದನ್ನ ಮೇಲಕ್ಕೆ ಕಳಿಸ್ಲೇಬೇಕು. ಕಳಿಸಿದ್ರೆ ನಿಮ್ಮ ಡಾಕ್ಟರಿಕೆ ಉಳಿಯಲ್ಲ. ಐವತ್ತು ಜನಕ್ಕೆ ನೋಟೀಸು ಕೊಡಬೇಕಾಗುತ್ತೆ. ನನ್ನ ವರದಿ ಕಸದ ಬುಟ್ಟಿಗೆ ಹೋಗುತ್ತೆ, ನನ್ನ ಜೊತೆಗೇ.” ಹಾಳೆಯನ್ನು ಮಡಚಿ ತಮ್ಮ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. “ಇಲ್ಲೇ ಇರಲಿ. ಆ ಸ್ಟಾಂಪು ಇನ್ನೊಂದು ಸಲ ನನ್ನ ಕಣ್ಣಿಗೆ ಬಿದ್ರೆ ಹೊರಗೆ ತೆಗೀತೀನಿ.”

“ಬೀಳಲ್ಲ. ಸಾಲು ಖಾಲಿ ಬಿಡ್ತೀನಿ. ವಾಪಸ್ ಕಳಿಸ್ತೀರಾ?”

ಮೇಡಂ ಡ್ರಾಯರಿನ ಕೀಲಿಯನ್ನು ಪರ್ಸಿಗೆ ಹಾಕಿಕೊಂಡರು. ಡಾಕ್ಟರು ತಮ್ಮ ಮೂರು ಚೀಟಿಗಳನ್ನು ಜೇಬಿಗೆ ಹಾಕಿಕೊಂಡು, ಬೆಂಚಿನಲ್ಲಿ ಜನ ಕಾಯುತ್ತಿರುತ್ತಾರೆ ಎಂದು ಹೇಳಿ ಹೊರಟರು.

“ನನ್ನ ಗಾಡಿ?” ಎಂದಳು ಡ್ರೈವರಮ್ಮ.

“ಕೊಡ್ತೀನಮ್ಮ. ಕೊಡದೆ ಏನು ಮಾಡ್ಲಿ?” ಮೇಡಂ ಒಂದು ಕಡತ ತೆರೆದು ಪೆನ್ನು ತೆಗೆದರು. ‘ಚಾಲಕರ ವರ್ಗಾವಣೆಯ ಆದೇಶವನ್ನು ಹಿಂದಕ್ಕೆ ಪಡೆಯಲಾಗಿದೆ’ ಎಂದು ಬರೆದರು. ಅದರ ಕೆಳಗೆ ‘ಕಾರಣ’ ಎಂದು ಅಚ್ಚಾಗಿದ್ದ ಸಾಲಿನ ಹತ್ತಿರ ಪೆನ್ನು ನಿಂತಿತು. ಕಿಟಕಿ ನೋಡಿದರು. ಚಿತ್ರ ನೋಡಿದರು. “ಇಲ್ಲಿ ಏನು ಬರೀಲಿ? ಬೆನ್ನು ವಾಸಿಯಾಯ್ತು ಅಂದ್ರೆ ತಜ್ಞರ ಪತ್ರ ಕೇಳ್ತಾರೆ. ಬೆನ್ನಿಗೆ ಏನೂ ಆಗಿರಲಿಲ್ಲ ಅಂದ್ರೆ ನಿಮ್ಮ ಚೀಟಿ ಕೇಳ್ತಾರೆ. ಬೆಲ್ಟಿನಿಂದ ಗುಣ ಆಯ್ತು ಅಂತ ಬರೆದುಬಿಡ್ಲಾ? ಖುಷಿ ಪಡ್ತಾರೆ.”

“ಬೇಡ ಮೇಡಂ. ಬರೆದ್ರೆ ಇನ್ನೂ ಹತ್ತು ಕಾರ್ಖಾನೆಗೆ ಬೆಲ್ಟು ಹೋಗುತ್ತೆ.”

“ಮತ್ತೇನು ಬರೀಲಿ ಹೇಳಿ!”

“ಏನೂ ಬರೀಬೇಡಿ. ಖಾಲಿ ಬಿಡಿ.”

“ಖಾಲಿ ಬಿಟ್ರೆ ಹೆಡ್ ಆಫೀಸಿಂದ ವಾಪಸ್ ಬರುತ್ತೆ.”

“ಬರಲಿ. ಆವಾಗ ಮತ್ತೆ ಖಾಲಿ ಕಳಿಸಿ. ಕೇಳಿದೋರಿಗೆ, ನಾನು ಇಲ್ಲಿನ ಆಫೀಸರು, ಇವಳು ಗಾಡಿ ನಡೆಸಬಲ್ಲಳು ಅಂತ ನಂಗೊತ್ತು, ಅಷ್ಟು ಸಾಕು ಅನ್ನಿ.”

ಮೇಡಂ ಪೆನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತರು. ಅವರು ಕಲಿತ ವಿದ್ಯೆಯಲ್ಲಿ, ಮಾಡಿದ ನೌಕರಿಯಲ್ಲಿ ಖಾಲಿ ಸಾಲು ಎಂಬುದು ತಪ್ಪೇ ಆಗಿತ್ತು. ಕೊನೆಗೆ ಆ ಸಾಲಿನ ಮೇಲೆ ಏನೂ ಬರೆಯದೆ, ಕೆಳಗೆ ಸಹಿ ಹಾಕಿದರು. ಸಹಿ ಎಂದಿಗಿಂತ ಸ್ವಲ್ಪ ದೊಡ್ಡದಾಯಿತು. ಒಂದು ಪ್ರತಿಯನ್ನು ಹರಿದು ಅವಳ ಕೈಗೆ ಕೊಟ್ಟರು.

“ಲೋಡಿಂಗಿನೋರ ನೋಟೀಸು?” ಎಂದಳು ಅವಳು, ಬಾಗಿಲ ಹತ್ತಿರ ನಿಂತು.

“ಒಂದೇ ದಿನಕ್ಕೆ ನನ್ನಿಂದ ಎಷ್ಟು ಖಾಲಿ ಬಿಡಿಸ್ತೀರಿ? ನಡೀರಿ, ನೋಡ್ತೀನಿ.”

ಗೋದಾಮಿನಲ್ಲಿ ಎರಡು ಲಾರಿ ಕಾಯುತ್ತಿದ್ದವು. ಹೊಸ ಚಾಲಕ ಆದೇಶ ಓದಿ, ಕೀಲಿ ಕೊಟ್ಟು, ಬದುಕಿದೆ ಎನ್ನುವಂತೆ ತನ್ನ ಪಾಳಿಯ ಕಡೆ ನಡೆದ. ಭಾವ ಓಡುತ್ತಾ ಬಂದು ಹಾಳೆಯನ್ನು ಕಿತ್ತುಕೊಂಡರು.

“ಏನಂತ ಹೇಳ್ದೆ? ನಮ್ಮ ವಿಷಯ ಬಂತಾ?”

“ಇಲ್ಲ.”

“ಡಾಕ್ಟ್ರು ಯಾಕೆ ಬಂದಿದ್ರು?”

“ಮೇಡಂ ಹತ್ರ ಮಾತಾಡೋಕೆ.”

ಭಾವ ಹಾಳೆಯ ಮೇಲೆ ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು. “ಇಲ್ಲಿ ಕಾರಣ ಬರೆದೇ ಇಲ್ವಲ್ಲ. ಮರೆತುಬಿಟ್ರಾ?”

“ಮರೆತಿಲ್ಲ.”

“ಮತ್ತೆ? ಮೇಲಿನೋರು ಒಪ್ಕೋತಾರಾ ಇದನ್ನ?”

“ನಂಗೊತ್ತಿಲ್ಲ ಭಾವ. ವಾಪಸ್ ಬರೋಕೆ ನಾಲ್ಕು ದಿನ ಬೇಕು.” ಅವಳು ಗಾಡಿ ಹತ್ತಿ ಕೂತಳು. ಯಾರೋ ಸೀಟನ್ನು ಬಹಳ ಹಿಂದಕ್ಕೆ ತಳ್ಳಿದ್ದರು. ಅವಳು ಬಗ್ಗಿ ಹಿಡಿಯೆಳೆದು ಅದನ್ನು ಮುಂದಕ್ಕೆ ತಂದುಕೊಂಡಳು. “ಪಕ್ಕಕ್ಕೆ ಬನ್ನಿ, ಚಕ್ರದ ಹತ್ರ ನಿಲ್ಲಬೇಡಿ. ಯಾವ ಲಾರಿ ಮೊದಲು ಬಂದಿದ್ದು?”